ಎಂಟು ಕ್ಯಾಮೆರಾ, ಒಂದೇ ಡಬ್ಬ

ಹನ್ನೆರಡು ಕಟ್ಟಡಗಳ ಆ ವಸತಿ ಸಂಘದಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದವರು ಬೆರಳೆಣಿಕೆಯಷ್ಟು ಜನ. ಚಿಕ್ಕವರಿಗೂ ದೊಡ್ಡವರಿಗೂ ಅವಳು ಲೈವಕ್ಕ. ಈಜು ಸ್ಪರ್ಧೆ, ಫುಟ್‌ಬಾಲ್ ಪಂದ್ಯ, ಹಲ್ಲಿನ ವೈದ್ಯರ ಸಮ್ಮೇಳನ, ಹೀಗೆ ಎಲ್ಲಿ ಏನೇ ನಡೆದರೂ ಅದನ್ನು ಆ ಕ್ಷಣವೇ ಜನರ ಫೋನಿಗೆ ಮುಟ್ಟಿಸುವುದು ಅವಳ ಕಸುಬು. ಅದಕ್ಕೆಂದು ತಾನೇ ಕೈಯಾರೆ ಜೋಡಿಸಿದ ಒಂದು ಕಂಪ್ಯೂಟರ್ ಇತ್ತು. ಸೊಂಟದೆತ್ತರ, ಕಪ್ಪು ಬಣ್ಣ, ಕೆಳಗೆ ನಾಲ್ಕು ಚಕ್ರ. ಅವಳು ಅದನ್ನು ಎಳೆದುಕೊಂಡು ಹೊರಟರೆ ಯಾರೋ ಫ್ರಿಜ್ಜನ್ನು ಗಾಳಿಸೇವನೆಗೆ ಕರೆದೊಯ್ಯುತ್ತಿದ್ದಾರೆ ಅನ್ನಿಸುತ್ತಿತ್ತು. ಮನೆಯಲ್ಲಿ ಅದಕ್ಕೆ 'ಡಬ್ಬ' ಅಂತಲೇ ಹೆಸರು.

ಸಂಘದ ಸಭಾಂಗಣದಲ್ಲಿ ನೂರೈವತ್ತು ಕುರ್ಚಿಗಿಂತ ಹೆಚ್ಚು ಹಿಡಿಸುತ್ತಿರಲಿಲ್ಲ, ಮನೆಗಳು ಆರುನೂರರ ಮೇಲೆ. ಹಾಗಾಗಿ ಮೂರು ವರ್ಷದಿಂದ ವಾರ್ಷಿಕ ಸಭೆಯ ನೇರ ಪ್ರಸಾರ ಅವಳದೇ ಪಾಲಿಗೆ ಬಂದಿತ್ತು. ಎರಡು ಕ್ಯಾಮೆರಾ, ಡಬ್ಬದೊಳಗೆ ಎರಡು ಕ್ಯಾಪ್ಚರ್ ಕಾರ್ಡ್. ಕ್ಯಾಮೆರಾದಿಂದ ತಂತಿಯಲ್ಲಿ ಬರುವ ಚಿತ್ರವನ್ನು ಹಿಡಿದು ಕಂಪ್ಯೂಟರಿಗೆ ಅರ್ಥವಾಗುವ ಹಾಗೆ ಮಾಡಿ ಒಳಗೆ ಬಿಡುವುದು ಆ ಕಾರ್ಡಿನ ಕೆಲಸ. ಒಂದು ಕ್ಯಾಮೆರಾಕ್ಕೆ ಒಂದು ಕಾರ್ಡ್. ಇಷ್ಟರಲ್ಲೇ ಎಲ್ಲವೂ ಸುಸೂತ್ರವಾಗಿ ನಡೆದುಕೊಂಡು ಹೋಗುತ್ತಿತ್ತು.

ಈ ವರ್ಷ ಸಭೆಗೆ ಇನ್ನು ಮೂರು ವಾರ ಇರುವಾಗ ಒಂದು ಮಧ್ಯಾಹ್ನ ಸಂಘದ ಕಾರ್ಯದರ್ಶಿ ಕಂಕುಳಲ್ಲಿ ಫೈಲು ಇಟ್ಟುಕೊಂಡು ಅವಳ ಮನೆ ಬಾಗಿಲಿಗೆ ಬಂದರು. ಫೈಲು ಇಲ್ಲದೆ ಅವರನ್ನು ನೋಡಿದವರಿಲ್ಲ. ಅವರ ಮನೆಯಲ್ಲಿ ಟ್ಯೂಬ್‌ಲೈಟ್ ಬದಲಾಯಿಸುವುದಕ್ಕೂ ಠರಾವು ಆಗಬೇಕು ಅಂತ ಜನ ಆಡಿಕೊಳ್ಳುತ್ತಿದ್ದರು.

"ಈ ಸಲ ಎಂಟು ಕ್ಯಾಮೆರಾ," ಅಂದರು, ಇನ್ನೂ ಚಪ್ಪಲಿ ಬಿಡುತ್ತಿರುವಾಗಲೇ.

"ಎಂಟು ಯಾಕೆ ಸಾರ್? ಮಾತಾಡೋರು ಒಂದು ಸಲಕ್ಕೆ ಒಬ್ಬರೇ ಅಲ್ವಾ?"

ಕಾರ್ಯದರ್ಶಿ ಫೈಲು ಬಿಚ್ಚಿದರು. ಹೋದ ವರ್ಷದ ಪ್ರಸಾರದಲ್ಲಿ ಅಧ್ಯಕ್ಷರು ನಲವತ್ತೊಂದು ನಿಮಿಷ ಕಾಣಿಸಿಕೊಂಡಿದ್ದರು, ಉಪಾಧ್ಯಕ್ಷೆ ಬರೇ ಆರು ನಿಮಿಷ. ಉಪಾಧ್ಯಕ್ಷೆ ಕೂತು, ಲೆಕ್ಕ ಹಾಕಿ, ಅರ್ಜಿ ಕೊಟ್ಟಿದ್ದರು. ಅದನ್ನು ನೋಡಿ ಲಿಫ್ಟ್ ಉಪಸಮಿತಿಯ ಸಂಚಾಲಕರೂ ತಮ್ಮ ಮೂಗು ಒಮ್ಮೆ ಮಾತ್ರ ಬಂದಿದೆ, ಅದೂ ಅರ್ಧ, ಅಂತ ಇನ್ನೊಂದು ಅರ್ಜಿ ಕೊಟ್ಟರು. ಕೊನೆಗೆ ಕಾರ್ಯದರ್ಶಿಯೂ ಸೇರಿ ನಾಲ್ವರು ಪದಾಧಿಕಾರಿಗಳಿಗೆ ತಲೆಗೊಂದು ಕ್ಯಾಮೆರಾ ಅಂತ ತೀರ್ಮಾನವಾಯಿತು. ಅಧ್ಯಕ್ಷರು ಅಧ್ಯಕ್ಷರಾದ್ದರಿಂದ ಅವರಿಗೆ ಎರಡು: ಒಂದು ಎದುರಿನಿಂದ, ಇನ್ನೊಂದು ಎಡಗಡೆಯಿಂದ. ಎಡಗಡೆಯಿಂದ ನೋಡಿದರೆ ಅವರಿಗೆ ಹತ್ತು ವರ್ಷ ಕಡಿಮೆ ಅನ್ನಿಸುತ್ತದೆ ಅಂತ ಅವರ ಸೋದರಳಿಯ ಹೇಳಿದ್ದನಂತೆ. ಇದಕ್ಕೆ ಭಾಷಣದ ಮೈಕಿನ ಎದುರು ಒಂದು, ಸಭಿಕರ ಕಡೆಗೊಂದು, ಒಟ್ಟು ಏಳು. ಎಂಟನೆಯದು ಸಂಘದ ಲಾಂಛನಕ್ಕೆ.

"ಲಾಂಛನ ಗೋಡೆ ಮೇಲೆ ಅಂಟಿಸಿದ್ದಲ್ವಾ ಸಾರ್? ಅದು ಅಲ್ಲಾಡೋದೂ ಇಲ್ಲ."

"ಗೌರವ ಅಂತ ಒಂದಿರುತ್ತೆ ನೋಡಿ."

ಲೈವಕ್ಕ ಅವರನ್ನು ಡಬ್ಬದ ಹತ್ತಿರ ಕರೆದುಕೊಂಡು ಹೋಗಿ ಪಕ್ಕದ ತಗಡು ಬಿಚ್ಚಿ ತೋರಿಸಿದಳು. "ಇದರೊಳಗೆ ಕಾರ್ಡ್ ಕೂರಿಸೋ ಜಾಗ ಇಷ್ಟೇ. ಆಗಲೇ ಎರಡು ಕೂತಿವೆ. ಜಾಗ ಅಂದ್ರೆ ಬರೀ ಜಾಗ ಅಲ್ಲ, ಚಿತ್ರ ಒಳಗೆ ಬರೋ ದಾರಿ. ಎಂಟು ಕ್ಯಾಮೆರಾದ ಚಿತ್ರ ಒಟ್ಟಿಗೇ ನುಗ್ಗಿದ್ರೆ ದಾರೀಲೇ ಸಿಕ್ಕಾಕೊಳ್ತವೆ."

"ದಾರಿ ಅಗಲ ಮಾಡಿ."

"ಅದು ಕಾರ್ಖಾನೆಯಲ್ಲೇ ಇಷ್ಟು ಅಂತ ಆಗಿ ಬಂದಿರುತ್ತೆ. ನಾವು ಏನೂ ಮಾಡೋಕಾಗಲ್ಲ. ಬೇಕಾದ್ರೆ ಇನ್ನೊಂದು ಕಂಪ್ಯೂಟರ್ ಇಟ್ಕೊಳ್ಳೋಣ, ನಾಲ್ಕು ಅದಕ್ಕೆ, ನಾಲ್ಕು ಇದಕ್ಕೆ."

ಕಾರ್ಯದರ್ಶಿ ತಲೆ ಅಲ್ಲಾಡಿಸಿದರು. "ಠರಾವಿನಲ್ಲಿ 'ಕಂಪ್ಯೂಟರ್' ಅಂತ ಏಕವಚನದಲ್ಲಿದೆ. ಬದಲಾಯಿಸಬೇಕು ಅಂದ್ರೆ ಮತ್ತೆ ಸಭೆ ಕರೀಬೇಕು. ನಾವು ನಾಲ್ಕು ಜನ ಒಂದೇ ಕೋಣೆಯಲ್ಲಿ ಕೂತಿದ್ದೇ ದೊಡ್ಡ ಸಂಗತಿ. ಮತ್ತೆ ಕೂರಿಸೋ ಶಕ್ತಿ ನನಗಿಲ್ಲ."

ಲೈವಕ್ಕ ತಗಡು ಮುಚ್ಚಿ ಬೇರೆ ವಿಷಯ ಎತ್ತಿದಳು. "ಲಾಂಛನದ ಬದಲು ಆ ಒಂದು ದಾರಿ ಜನರಿಗೆ ಬಿಡಿ ಸಾರ್. ಮನೆಯಿಂದಲೇ ವಿಡಿಯೊ ಕರೆ ಮಾಡಿ ಪ್ರಶ್ನೆ ಕೇಳಬಹುದು. ಏಳನೇ ಕಟ್ಟಡದಲ್ಲಿ ಲಿಫ್ಟ್ ನಿಂತು ಹದಿನಾಲ್ಕು ತಿಂಗಳಾಯ್ತು. ಮೇಲಿನ ಮಹಡಿಯ ವಯಸ್ಸಾದವರು ಸಭೆಗೆ ಇಳಿದು ಬರೋದು ಹೇಗೆ?"

"ಅದಕ್ಕೆ ಪ್ರಶ್ನೆ ಪೆಟ್ಟಿಗೆ ಇಟ್ಟಿದ್ದೀವಲ್ಲ."

"ಎಲ್ಲಿ?"

"ಏಳನೇ ಕಟ್ಟಡದ ನೆಲಮಹಡಿಯಲ್ಲಿ," ಅಂದ ಕಾರ್ಯದರ್ಶಿ ಒಂದು ಕ್ಷಣ ತಡೆದರು. ತಾವು ಹೇಳಿದ್ದು ತಮ್ಮ ಕಿವಿಗೂ ಬಿದ್ದಿರಬೇಕು. ಆದರೂ ಫೈಲು ಮುಚ್ಚಿ ಎದ್ದು ಹೊರಟೇಬಿಟ್ಟರು.

ನಾಲ್ಕನೇ ದಿನ ಒಂದು ಪತ್ರ ಬಂತು. 'ಸದರಿ ಕಂಪ್ಯೂಟರ್ ಎಂಟು ಕ್ಯಾಮೆರಾಗಳನ್ನು ನಿಭಾಯಿಸಲು ಸಮರ್ಥವಾಗಿದೆ ಎಂದು ಕಾರ್ಯಕಾರಿ ಸಮಿತಿಯು ಸರ್ವಾನುಮತದಿಂದ ತೀರ್ಮಾನಿಸಿದೆ.' ಕೆಳಗೆ ನಾಲ್ಕು ಸಹಿ. ಡಬ್ಬದ ಅಭಿಪ್ರಾಯ ಯಾರೂ ಕೇಳಿರಲಿಲ್ಲ. ಪತ್ರದ ಜೊತೆಗೆ ಒಂದು ರಟ್ಟಿನ ಪೆಟ್ಟಿಗೆ, ಅದರಲ್ಲಿ ಅಂಗೈಯಗಲದ ಆರು ಕ್ಯಾಪ್ಚರ್ ಕಾರ್ಡುಗಳು. ಒಳಗೆ ಕೂರಿಸುವ ಜಾತಿಯವಲ್ಲ, ಹೊರಗಿನಿಂದ ಯುಎಸ್‌ಬಿ ತೂತಿಗೆ ಚುಚ್ಚುವಂಥವು. ಆರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದ್ದವು. ಚುಚ್ಚಿದರೆ ಹೊಟ್ಟೆಯಲ್ಲಿ ನೀಲಿ ದೀಪ ಉರಿಯುತ್ತಿತ್ತು.

ಅವಳಿಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಆಗಲ್ಲ ಅಂದುಬಿಡಬಹುದಿತ್ತು. ಆದರೆ ಕಸುಬಿನ ಹಟ ಅನ್ನುವುದು ಕೆಟ್ಟದ್ದು. ಮೇಜಿನ ಮೇಲೆ ಆರು ಕಾರ್ಡು ಕಾಣಿಸಿದ ಕೂಡಲೇ, ನೋಡೇಬಿಡೋಣ ಅಂತ ಕೈ ಕಡಿಯತೊಡಗಿತು.

ಅವಳ ಮಾವ ನಲವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಂತಿ ಜೋಡಿಸಿ ನಿವೃತ್ತರಾದವರು. ಸೊಸೆ ಹೀಗೆ ತಂತಿ ಹರಡಿಕೊಂಡು ಕೂತರೆ ಅವರಿಗೆ ಕಾಲು ನಿಲ್ಲುತ್ತಿರಲಿಲ್ಲ. ಕನ್ನಡಕ ಹಣೆಗೇರಿಸಿಕೊಂಡು ಬಂದು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತರು. ಲೈವಕ್ಕ ಆರು ಕಾರ್ಡೂ ಚುಚ್ಚಿದಳು. ಪರದೆಯ ಮೇಲೆ ಒಂದು ಪಟ್ಟಿ ತೆರೆದುಕೊಂಡಿತು. 'ಯುಎಸ್‌ಬಿ ವಿಡಿಯೊ.' ಅದರ ಕೆಳಗೆ 'ಯುಎಸ್‌ಬಿ ವಿಡಿಯೊ.' ಹೀಗೆ ಆರು ಸಲ.

"ಇದೇನಮ್ಮ, ಎಲ್ಲಕ್ಕೂ ಒಂದೇ ಹೆಸರು?" ಅಂದರು ಮಾವ.

"ಕಾರ್ಖಾನೆಯೋರು ಬೇರೆ ನಂಬರ್ ಹಾಕಿಲ್ಲ ಮಾವ. ಯಾವುದು ಯಾವುದು ಅಂತ ಡಬ್ಬಕ್ಕೆ ಗೊತ್ತಾಗಲ್ಲ."

"ಒಂದು ಬೀದಿಯಲ್ಲಿ ಆರು ಮನೆಗೂ ಒಂದೇ ಟೆಲಿಫೋನ್ ನಂಬರ್ ಕೊಟ್ಟ ಹಾಗಾಯ್ತು. ಗಂಟೆ ಹೊಡೆದ್ರೆ ಯಾರು ಎತ್ತಬೇಕು?"

"ಯಾರು ಮೊದಲು ಎದ್ದರೋ ಅವರು."

ಹಾಗೇ ಆಯಿತು ಕೂಡ. ಡಬ್ಬವನ್ನು ಒಮ್ಮೆ ಆರಿಸಿ ಮತ್ತೆ ಹಾಕಿದರೆ, ಮೊದಲನೇ ಕಾರ್ಡಿನಲ್ಲಿದ್ದ ಚಿತ್ರ ನಾಲ್ಕನೆಯದರಲ್ಲಿ, ನಾಲ್ಕನೆಯದು ಎರಡರಲ್ಲಿ. ಮಾವ ಬಿಳಿ ಪ್ಲಾಸ್ಟರ್ ಕತ್ತರಿಸಿ ಒಂದೊಂದು ಕಾರ್ಡಿಗೂ ನಂಬರ್ ಅಂಟಿಸಿದರು. ಒಂದೊಂದು ಕಾರ್ಡಿಗೂ ಇಂಥದೇ ತೂತು ಅಂತ ನಿಗದಿ ಮಾಡಿದರು. ಮುಂದಿನ ಗಂಡಾಂತರ ಅಷ್ಟರಲ್ಲಿ ಕಾದು ಕೂತಿತ್ತು. ಹೊರಗೆ ತೂತು ಆರಿದ್ದರೂ ಒಳಗೆ ಹೋಗುವ ದಾರಿ ಎರಡೇ. ಮೂರನೇ ಕಾರ್ಡಿನ ತನಕ ಚಿತ್ರ ನೆಟ್ಟಗೆ ಬರುತ್ತಿತ್ತು, ನಾಲ್ಕನೆಯದನ್ನು ತೆರೆದ ಕೂಡಲೇ ಎಲ್ಲಕ್ಕೂ ಬಿಕ್ಕಳಿಕೆ ಹಿಡಿಯುತ್ತಿತ್ತು. ಲೈವಕ್ಕ ಚಿತ್ರದ ಗಾತ್ರ ಇಳಿಸಿದಳು, ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ ಇಳಿಸಿದಳು. ಡಬ್ಬದ ಪಕ್ಕದ ತಗಡು ತೆಗೆದು ಮಾವ ಟೇಬಲ್ ಫ್ಯಾನು ಹಚ್ಚಿದರು. ಅಂತೂ ನಾಲ್ಕು ದಿನದ ಗುದ್ದಾಟದ ಮೇಲೆ ಎಂಟೂ ಚಿತ್ರ ಒಟ್ಟಿಗೆ ಪರದೆಗೆ ಬಂದವು. ಇಪ್ಪತ್ತೆರಡು ನಿಮಿಷ ಓಡಿದವು. ಇಪ್ಪತ್ತಮೂರನೇ ನಿಮಿಷಕ್ಕೆ ಡಬ್ಬ ಗೊರ್ ಅಂದು ಕಲ್ಲಾಯಿತು.

"ಸಭೆ ಎಷ್ಟು ಹೊತ್ತು?" ಕೇಳಿದರು ಮಾವ.

"ಎರಡು ಗಂಟೆ."

ಮಾವ ಫ್ಯಾನನ್ನು ಮೂರಕ್ಕೆ ತಿರುಗಿಸಿದರು.

ಸಭೆಯ ಹಿಂದಿನ ದಿನ ಬೆಳಿಗ್ಗೆ ಸಭಾಂಗಣದಲ್ಲಿ ತಾಲೀಮು. ಪದಾಧಿಕಾರಿಗಳು ಬಂದು ವೇದಿಕೆ ಮೇಲೆ ತಮ್ಮ ತಮ್ಮ ಕುರ್ಚಿಯಲ್ಲಿ ಕೂತರು. ಅವರ ಬೆನ್ನ ಹಿಂದಿನ ಗೋಡೆಗೆ ದೊಡ್ಡ ಪರದೆ. ಪ್ರಸಾರವಾಗುವುದು ಸಭಿಕರಿಗೆ ಅದರಲ್ಲಿ ಕಾಣುತ್ತಿತ್ತು, ಆದರೆ ವೇದಿಕೆಯವರು ಕತ್ತು ಹಿಂದಕ್ಕೆ ತಿರುಗಿಸಬೇಕು.

"ನಾನು ಹೇಗೆ ಕಾಣ್ತಿದ್ದೀನಿ ಅಂತ ನನಗೇ ಕಾಣದಿದ್ರೆ ಹೇಗೆ?" ಅಂದರು ಅಧ್ಯಕ್ಷರು.

ಅವರಿಗೊಂದು ಪುಟ್ಟ ಮಾನಿಟರ್ ಬೇಕಾಯಿತು. ಅವರಿಗೆ ಕೊಟ್ಟ ಮೇಲೆ ಉಪಾಧ್ಯಕ್ಷೆಗೆ ಬೇಡವೇ? ಹೀಗೆ ನಾಲ್ಕು ಮಾನಿಟರ್ ಬಂದವು. ಡಬ್ಬದ ಮೇಲೆ ಇನ್ನು ಒಂದು ಗುಲಗಂಜಿಯ ಭಾರವನ್ನೂ ಹೇರಲು ಲೈವಕ್ಕನಿಗೆ ಧೈರ್ಯವಿರಲಿಲ್ಲ. ಅದಕ್ಕೆ ಆ ನಾಲ್ವರ ಕ್ಯಾಮೆರಾದ ತಂತಿಗಳನ್ನೂ ದಾರಿಯಲ್ಲೇ ಕವಲೊಡೆಸಿ, ಒಂದು ಕವಲನ್ನು ಡಬ್ಬಕ್ಕೂ ಇನ್ನೊಂದನ್ನು ನೇರವಾಗಿ ಆಯಾ ಮಾನಿಟರಿಗೂ ಕೊಟ್ಟಳು. ಡಬ್ಬ ಬದುಕಲಿ ಸಾಯಲಿ, ಕ್ಯಾಮೆರಾ ಓಡುತ್ತಿರುವ ತನಕ ಅವರವರ ಮುಖ ಅವರವರಿಗೆ ಕಾಣುತ್ತಲೇ ಇರುತ್ತಿತ್ತು. ಈ ವಿಷಯ ಅವಳೂ ಯಾರಿಗೂ ಬಿಡಿಸಿ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ನಾಲ್ವರೂ ತಮ್ಮನ್ನು ತಾವು ನೋಡಿಕೊಳ್ಳುವುದರಲ್ಲಿ ಮುಳುಗಿಹೋಗಿದ್ದರು. ಉಪಾಧ್ಯಕ್ಷೆ ಕತ್ತು ಸ್ವಲ್ಪ ಎತ್ತಿ ನೋಡಿದರು, ಸ್ವಲ್ಪ ಇಳಿಸಿ ನೋಡಿದರು. ಲಿಫ್ಟ್ ಸಂಚಾಲಕರು ಗಂಭೀರವಾಗಿ ತಲೆದೂಗುವುದನ್ನು ಏಳೆಂಟು ಸಲ ಅಭ್ಯಾಸ ಮಾಡಿದರು.

ಅದೇ ದಿನ ಸಂಜೆ ನಾಲ್ಕಕ್ಕೆ ಲೈವಕ್ಕ ಏಳನೇ ಕಟ್ಟಡದ ಮೆಟ್ಟಿಲು ಹತ್ತಿದಳು. ಒಂಬತ್ತನೇ ಮಹಡಿ. ಆರನೆಯದರಲ್ಲಿ ಉಸಿರು ತೆಗೆದುಕೊಳ್ಳಲು ಕೂತಳು. ಮೇಲೆ ಇದ್ದವರು ಟೀಚರಮ್ಮ. ಶಾಲೆಯಲ್ಲಿ ಭೂಗೋಳ ಪಾಠ ಹೇಳಿ ನಿವೃತ್ತರಾದವರು, ಲೈವಕ್ಕನಿಗೂ ನದಿ ಪರ್ವತ ಕಲಿಸಿದವರು. ಎರಡೂ ಮಂಡಿ ಸವೆದಿದ್ದವು. ಹದಿನಾಲ್ಕು ತಿಂಗಳಲ್ಲಿ ಎರಡೇ ಸಲ ಕೆಳಗಿಳಿದಿದ್ದರು, ಎರಡೂ ಸಲ ಆಸ್ಪತ್ರೆಗೆ, ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತುಕೊಂಡು. ಹಾಲು, ಬ್ರೆಡ್ಡು, ಔಷಧಿ ಎಲ್ಲಾ ಬಾಲ್ಕನಿಯಿಂದ ಹಗ್ಗಕ್ಕೆ ಕಟ್ಟಿ ಬಿಟ್ಟ ಚೀಲದಲ್ಲೇ ಬರುತ್ತಿದ್ದವು.

"ಜಗತ್ತನ್ನೆಲ್ಲಾ ಮೂವತ್ತೆರಡು ವರ್ಷ ಮಕ್ಕಳಿಗೆ ತೋರಿಸಿದೆ. ಈಗ ನನಗೆ ಗೇಟಿನ ಆಚೆಯ ಅಂಗಡಿ ವಿದೇಶ," ಅಂದರು ನಗುತ್ತಾ. ಆಮೇಲೆ ನಗು ಬಿಟ್ಟು ಕೇಳಿದರು, "ನಾಳೆ ಸಭೆಯಲ್ಲಿ ನನ್ನದೊಂದು ಮಾತು ಇದೆ. ಮುಟ್ಟಿಸ್ತೀಯೇನಮ್ಮ?"

"ಎಂಟೂ ದಾರಿ ಅವರೇ ಹಿಡ್ಕೊಂಡಿದ್ದಾರೆ ಟೀಚರ್."

"ಎಂಟೂ?"

"ಒಂದು ಲಾಂಛನಕ್ಕೆ."

ಟೀಚರಮ್ಮ ಅವಳನ್ನೇ ನೋಡಿದರು. ಹೋಮ್‌ವರ್ಕ್ ಮಾಡದೆ ಬಂದ ಹುಡುಗಿಯನ್ನು ನೋಡುವ ಅದೇ ನೋಟ. ಬೈಗುಳಕ್ಕಿಂತ ಅದು ಹೆಚ್ಚು ನಾಟುತ್ತಿತ್ತು.

"ನೋಡ್ತೀನಿ ಟೀಚರ್," ಅಂದು ಲೈವಕ್ಕ ಮೆಟ್ಟಿಲಿಳಿದಳು. ಬಂದವಳು ತನ್ನ ಹಳೇ ಲ್ಯಾಪ್‌ಟಾಪಿನಲ್ಲಿ ವಿಡಿಯೊ ಕರೆ ಬರುವ ಹಾಗೆ ಮಾಡಿ, ಅದಕ್ಕೊಂದು ಉದ್ದ ತಂತಿ ಸಿಕ್ಕಿಸಿ, ಚೀಲದಲ್ಲಿ ಹಾಕಿಟ್ಟುಕೊಂಡಳು. ಯಾಕೆ ಅಂತ ಗಂಡ ಕೇಳಿದ. "ಇರಲಿ ಅಂತ," ಅಂದಳು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಭೆ ಶುರು. ಲೈವಕ್ಕ ಸಭಾಂಗಣದ ಹಿಂಬದಿಯ ಮೇಜಿನಲ್ಲಿ, ಪಕ್ಕದಲ್ಲಿ ಮಾವ, ಮಾವನ ಕೈಯಲ್ಲಿ ಫ್ಯಾನಿನ ಗುಂಡಿ. ಅಧ್ಯಕ್ಷರ ಎದುರಿನ ಕ್ಯಾಮೆರಾಕ್ಕೂ ಭಾಷಣದ ಮೈಕಿನ ಕ್ಯಾಮೆರಾಕ್ಕೂ ಡಬ್ಬದೊಳಗಿನ ಎರಡು ಒಳ್ಳೆಯ ಕಾರ್ಡು. ಉಳಿದ ಆರು ಕ್ಯಾಮೆರಾಕ್ಕೆ, ಲಾಂಛನದ್ದನ್ನೂ ಸೇರಿಸಿ, ನೀಲಿ ದೀಪದವು. ಅಧ್ಯಕ್ಷರ ಸ್ವಾಗತ ಭಾಷಣಕ್ಕೆ ಹತ್ತೊಂಬತ್ತು ನಿಮಿಷ ಹಿಡಿಯಿತು. ಮನೆಗಳಲ್ಲಿ ಕೂತು ನೋಡುತ್ತಿದ್ದವರು ಅರುವತ್ತಮೂರು ಜನ.

ಆಮೇಲೆ ಲಿಫ್ಟ್ ಸಂಚಾಲಕರು ಮೈಕಿನ ಮುಂದೆ ಬಂದು ಕಾಗದ ಬಿಡಿಸಿದರು. "ಏಳನೇ ಕಟ್ಟಡದ ಲಿಫ್ಟಿನ ಬಗ್ಗೆ ಕೆಲವರು ಇಲ್ಲಸಲ್ಲದ್ದು ಹಬ್ಬಿಸ್ತಿದ್ದಾರೆ. ಸದರಿ ಲಿಫ್ಟು ಕಳೆದ ಗುರುವಾರದಿಂದ ಪ್ರಾಯೋಗಿಕವಾಗಿ ಸಂಚರಿಸ್ತಾ ಇದೆ ಅಂತ ತಿಳಿಸೋಕೆ ಹೆಮ್ಮೆ..."

ಹೆಮ್ಮೆ ಅನ್ನುವಲ್ಲಿಗೆ ಡಬ್ಬ ಕಲ್ಲಾಯಿತು. ದೊಡ್ಡ ಪರದೆಯ ಮೇಲೆ ಸಂಚಾಲಕರು ಬಾಯಿ ತೆರೆದುಕೊಂಡು, ಒಂದು ಕಣ್ಣು ಮುಚ್ಚಿಕೊಂಡು ಹಾಗೇ ನಿಂತುಬಿಟ್ಟರು. ಸಭಿಕರಲ್ಲಿ ಕಿಸಕ್ ಅಂತು.

"ಆರಿಸಿ ಹಾಕು," ಅಂದರು ಮಾವ ಮೆಲ್ಲಗೆ.

ಆರಿಸಿ ಹಾಕಿದಳು. ಎರಡು ನಿಮಿಷಕ್ಕೆ ಡಬ್ಬ ಕಣ್ಣು ಬಿಟ್ಟಿತು. ಆರು ನೀಲಿ ಕಾರ್ಡುಗಳಲ್ಲಿ ನಾಲ್ಕು ಎದ್ದಿದ್ದವು, ಅದೂ ಮಾವನ ನಂಬರನ್ನು ಲೆಕ್ಕಿಸದೆ ತಮಗೆ ತೋಚಿದ ಕಡೆ. ಪರದೆಯಲ್ಲಿ ಉಪಾಧ್ಯಕ್ಷೆಯ ಹೆಸರುಪಟ್ಟಿಯ ಮೇಲೆ ಕಾರ್ಯದರ್ಶಿ ಕೂತಿದ್ದರು. ಕಾರ್ಯದರ್ಶಿಯ ಜಾಗದಲ್ಲಿ ಲಾಂಛನ. 'ಮಾನ್ಯ ಅಧ್ಯಕ್ಷರು' ಅನ್ನುವ ಅಕ್ಷರಗಳ ಮೇಲೆ ಮೂರನೇ ಸಾಲಿನಲ್ಲಿ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ ಒಬ್ಬ ಸಭಿಕ. ಈ ಸಲ ಸಭಾಂಗಣಕ್ಕೆ ಸಭಾಂಗಣವೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ವೇದಿಕೆಯ ಮೇಲಿದ್ದವರಿಗೆ ಮಾತ್ರ ಏನೂ ಗೊತ್ತಾಗಲಿಲ್ಲ. ಅವರ ಬೆನ್ನು ಪರದೆಗೆ, ಮುಖ ಮಾನಿಟರಿಗೆ. ಮಾನಿಟರಿನಲ್ಲಿ ಎಲ್ಲರೂ ಇದ್ದ ಜಾಗದಲ್ಲೇ ಇದ್ದರು, ಚೆನ್ನಾಗಿಯೇ ಇದ್ದರು. ಸಂಚಾಲಕರ ಹೆಮ್ಮೆಗೆ ಜನ ನಗುತ್ತಿದ್ದಾರೆ ಅಂದುಕೊಂಡ ಅಧ್ಯಕ್ಷರು ತಾವೂ ಮುಗುಳ್ನಕ್ಕರು. ಮಾನಿಟರಿನಲ್ಲಿ ಆ ಮುಗುಳ್ನಗೆ ಅವರಿಗೆ ಹಿಡಿಸಿತು, ಅದನ್ನು ಹಾಗೇ ಉಳಿಸಿಕೊಂಡರು.

ಲೈವಕ್ಕ ಅವರನ್ನು ನೋಡಿದಳು. ಮೂವರ ಕಣ್ಣು ಮಾನಿಟರಿನಲ್ಲಿ, ಸಂಚಾಲಕರದು ಕಾಗದದಲ್ಲಿ, ಒಬ್ಬರೂ ತಲೆ ಎತ್ತಿರಲಿಲ್ಲ.

"ಮಾವ, ಆರೂ ಕಿತ್ತುಬಿಡಿ."

"ಆರೂ?"

"ಆರೂ. ಎರಡರಲ್ಲಿ ಮಾಡೋಣ."

ಮಾವ ಕಾರಣ ಕೇಳಲಿಲ್ಲ. ನಲವತ್ತು ವರ್ಷ ತಂತಿ ಕಿತ್ತ ಕೈ. ಒಂದೊಂದೇ ನೀಲಿ ದೀಪ ಆರಿತು. ಡಬ್ಬ ದೊಡ್ಡ ಹೊರೆ ಇಳಿಸಿದ ಕೂಲಿಯವನ ಹಾಗೆ ಉಸಿರು ಬಿಟ್ಟು, ಅದರ ಗೊರಗೊರ ಅಡಗಿತು. ಲೈವಕ್ಕ ಅಧ್ಯಕ್ಷರ ಎದುರಿನ ಕ್ಯಾಮೆರಾದ ತಂತಿಯನ್ನು ಡಬ್ಬದಿಂದ ಕಿತ್ತು, ಚೀಲದಲ್ಲಿದ್ದ ಲ್ಯಾಪ್‌ಟಾಪಿನ ತಂತಿಯನ್ನು ಆ ಜಾಗಕ್ಕೆ ಚುಚ್ಚಿದಳು. ನಂತರ ಫೋನೆತ್ತಿ, "ಟೀಚರ್, ವಿಡಿಯೊ ಕರೆ ಮಾಡಿ. ಈಗಲೇ," ಅಂದಳು.

ಸಂಚಾಲಕರು ಪ್ರಾಯೋಗಿಕ ಸಂಚಾರದ ವಿವರ ಓದಿ ಮುಗಿಸುತ್ತಿದ್ದರು. "ಯಾರಿಗಾದ್ರೂ ಪ್ರಶ್ನೆ ಇದ್ದರೆ ಪೆಟ್ಟಿಗೆಯಲ್ಲಿ..." ಅನ್ನುವಷ್ಟರಲ್ಲಿ ಸಭಾಂಗಣದ ಸ್ಪೀಕರುಗಳಿಂದ ಒಂದು ಹೆಣ್ಣುದನಿ ಬಂತು. ಕೊನೇ ಬೆಂಚಿಗೂ ಕೇಳಬೇಕು ಅಂತ ಪಳಗಿದ ದನಿ.

"ನಮಸ್ಕಾರ. ನಾನು ಏಳನೇ ಕಟ್ಟಡ, ಒಂಬತ್ತನೇ ಮಹಡಿ. ಲಿಫ್ಟ್ ಓಡ್ತಿದೆ ಅಂದ್ರಲ್ಲ, ಬಹಳ ಸಂತೋಷ. ನಾನೀಗ ಲಿಫ್ಟ್ ಎದುರೇ ನಿಂತಿದ್ದೀನಿ."

ಪರದೆಯ ಮೇಲೆ ಲಿಫ್ಟಿನ ಬಾಗಿಲು ಮೂಡಿತು. ಬಾಗಿಲಿಗೆ ಒಂದು ಹಾಳೆ ಅಂಟಿಸಿತ್ತು, ಬಿಸಿಲಿಗೆ ಹಳದಿಯಾಗಿತ್ತು. 'ತಾತ್ಕಾಲಿಕವಾಗಿ ಸ್ಥಗಿತ.' ಕೆಳಗೆ ಸಂಚಾಲಕರದೇ ಸಹಿ, ಹದಿನಾಲ್ಕು ತಿಂಗಳ ಹಿಂದಿನ ದಿನಾಂಕ. ಟೀಚರಮ್ಮನ ಬೆರಳು ಬಂದು ಗುಂಡಿಯ ಮೇಲಿನ ಜೇಡರ ಬಲೆ ಒರೆಸಿ, ಒತ್ತಿತು.

"ಒತ್ತಿದ್ದೀನಿ. ಎಷ್ಟು ಹೊತ್ತು ಕಾಯಬೇಕು?"

ಸಂಚಾಲಕರಿಗೆ ಅದು ಬರೀ ಫೋನ್ ಕರೆ. ಪರದೆ ಅವರ ಬೆನ್ನ ಹಿಂದಿತ್ತು. "ಸ್ವಲ್ಪ ಕಾಯಿರಿ ಅಮ್ಮ, ಬರುತ್ತೆ," ಅಂದರು ಧೈರ್ಯವಾಗಿ.

"ಕಾಯ್ತೀನಿ."

ನೂರೈವತ್ತು ಜನ ಆ ಮುಚ್ಚಿದ ಬಾಗಿಲನ್ನು ನೋಡುತ್ತಾ ಕೂತರು. ಇಂಥ ನಿಶ್ಶಬ್ದ ಆ ಸಭಾಂಗಣಕ್ಕೆ ಹೊಸದು. ಅದನ್ನು ತುಂಬಬೇಕು ಅಂತ ಅಧ್ಯಕ್ಷರಿಗೆ ಅನ್ನಿಸಿತು. ತಮ್ಮ ಮುಂದಿನ ಮೈಕು ಹತ್ತಿರಕ್ಕೆಳೆದುಕೊಂಡು, ಮಾನಿಟರಿನಲ್ಲಿ ಕೂದಲು ಸರಿಮಾಡಿಕೊಂಡು ಮಾತಿಗಿಳಿದರು. "ನಮ್ಮ ಸಮಿತಿ ಅಧಿಕಾರಕ್ಕೆ ಬಂದ ಮೇಲೆ ಯಾವ ಕೆಲಸವೂ ನಿಂತಿಲ್ಲ. ಎಲ್ಲವೂ ಮೇಲ್ಮುಖವಾಗಿ ಸಾಗ್ತಾ ಇದೆ." ಅಧ್ಯಕ್ಷರ ದನಿ, ಪರದೆಯ ಮೇಲೆ ಅಲ್ಲಾಡದ ಬಾಗಿಲು. ಜನ ಬಿದ್ದುಬಿದ್ದು ನಕ್ಕರು, ಕೆಲವರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿ ಅಧ್ಯಕ್ಷರು ಹುರುಪುಗೊಂಡರು. "ನಾವು ಯಾರನ್ನೂ ಹಿಂದೆ ಬಿಡೋದಿಲ್ಲ. ಕಟ್ಟಕಡೆಯ ನಿವಾಸಿಯನ್ನೂ ಜೊತೆಗೆ ಕರ್ಕೊಂಡು ಹೋಗ್ತೀವಿ." ಮತ್ತೆ ಚಪ್ಪಾಳೆ. ಇಂಥ ಭಾಷಣ ತಮ್ಮ ಜೀವಮಾನದಲ್ಲೇ ಮಾಡಿರಲಿಲ್ಲ ಅಂತ ಅವರಿಗೆ ಖಾತ್ರಿಯಾಯಿತು.

ಹೊರಗೆ ಒಬ್ಬರಿಗೊಬ್ಬರು ಹೇಳಿಕೊಂಡಿರಬೇಕು. ಅರುವತ್ತಮೂರಿದ್ದ ನೋಡುಗರು ನಾನೂರಾದರು, ಆಮೇಲೆ ಸಾವಿರದ ಮೇಲೆ ಹೋದರು. ಬೇರೆ ಬಡಾವಣೆಯವರೂ ಲಿಫ್ಟಿನ ಬಾಗಿಲು ನೋಡಲು ಬಂದಿದ್ದರು.

"ಆರು ನಿಮಿಷ ಆಯ್ತು," ಅಂದಿತು ಸ್ಪೀಕರಿನ ದನಿ. "ನನಗೆ ನಿಲ್ಲೋಕಾಗ್ತಿಲ್ಲ. ಕೂತ್ಕೋತೀನಿ." ಚಿತ್ರ ಅಲ್ಲಾಡಿ, ಒಂದು ಸ್ಟೂಲು, ಊರುಗೋಲು, ಊದಿದ ಎರಡು ಮಂಡಿ ಕಾಣಿಸಿ, ಮತ್ತೆ ಬಾಗಿಲಿಗೆ ಬಂತು.

ನಗು ಅಲ್ಲಿಗೆ ನಿಂತಿತು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹದಿನಾಲ್ಕು ತಿಂಗಳು ಅದೇ ಬಾಲ್ಕನಿಯ ಕೆಳಗೆ, ಅದೇ ಹಗ್ಗದ ಪಕ್ಕದಲ್ಲೇ ಓಡಾಡಿದವರು ಅವರೆಲ್ಲ. ಮುಂದಿನ ಸಾಲಿನಲ್ಲಿದ್ದ ಒಬ್ಬ ಬಸ್ ಚಾಲಕ ಎದ್ದು ನಿಂತ.

"ಸ್ವಾಮಿ, ನನ್ನದೊಂದು ಸೂಚನೆ. ಹತ್ತು ದಿನದೊಳಗೆ ಆ ಲಿಫ್ಟ್ ರಿಪೇರಿ ಆಗಬೇಕು. ಅಲ್ಲೀತನಕ ಬೇರೆ ಯಾವ ಕೆಲಸಾನೂ ಬೇಡ. ಮತಕ್ಕೆ ಹಾಕಿ."

ಸಂಚಾಲಕರು ಗಂಟಲು ಸರಿಮಾಡಿಕೊಂಡರು. "ಓಡ್ತಿರೋ ಲಿಫ್ಟನ್ನ ರಿಪೇರಿ ಮಾಡೋದು ಹೇಗೆ?"

"ಹಿಂದೆ ತಿರುಗಿ ನೋಡ್ರೀ," ಅಂತ ಯಾರೋ ಕೂಗಿದರು.

ಸಂಚಾಲಕರು ತಿರುಗಿ ನೋಡಿದರು. ಮೊದಲು ಬಾಗಿಲು ಕಂಡಿತು, ಆಮೇಲೆ ತಮ್ಮ ಸಹಿ. ಮುಖದ ಬಣ್ಣ ಇಳಿದು, ಕಾಗದ ಮಡಚಿ, ಯಾರಿಗೂ ಏನೂ ಹೇಳದೆ ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು. ಉಳಿದ ಮೂವರಿಗೆ ಹೇಳುವ ಗೋಜಿಗೂ ಹೋಗಲಿಲ್ಲ. ಅವರವರ ನಡುವೆ ಮಾತುಕತೆ ನಿಂತು ಬಹಳ ಕಾಲವಾಗಿತ್ತು.

ಅಧ್ಯಕ್ಷರಿಗೆ ಸರ್ವಾನುಮತ ಅಂದರೆ ಪ್ರಾಣ. "ಪರವಾಗಿರೋರು ಕೈ ಎತ್ತಿ," ಅಂದರು. ನೂರೈವತ್ತು ಕೈ ಮೇಲೆದ್ದವು. ತಾವೂ ಎತ್ತಿದರು, ಮಾನಿಟರಿನಲ್ಲಿ ನೋಡಿಕೊಂಡು ಇನ್ನೂ ಒಂದು ಅಂಗುಲ ಮೇಲೆತ್ತಿದರು. ಅದನ್ನು ನೋಡಿ ಉಪಾಧ್ಯಕ್ಷೆ ಅವರಿಗಿಂತ ಎತ್ತರಕ್ಕೆ ಎತ್ತಿದರು. ಠರಾವು ಪಾಸಾಯಿತು.

ಸಭೆ ಮುಗಿದ ಮೇಲೆ ಲೈವಕ್ಕ ತಂತಿ ಸುತ್ತುತ್ತಿದ್ದಳು. ಕಾರ್ಯದರ್ಶಿ ನಗುನಗುತ್ತಾ ಬಂದರು. "ಆಗಲ್ಲ ಆಗಲ್ಲ ಅಂತಿದ್ರಿ. ನೋಡಿ, ಎಂಟೂ ಹೇಗೆ ಓಡಿದ್ವು!"

ಸುಳ್ಳು ಹೇಳುವುದು ಅವಳಿಗೆ ಬರುತ್ತಿರಲಿಲ್ಲ. "ಎಂಟು ಓಡಲಿಲ್ಲ ಸಾರ್. ಅರ್ಧ ಗಂಟೆಗೂ ಮೊದಲೇ ಡಬ್ಬ ನಿಂತುಹೋಯ್ತು. ಆಮೇಲೆ ಓಡಿದ್ದು ಎರಡೇ."

"ಯಾವ ಎರಡು?"

"ಭಾಷಣದ ಮೈಕಿನದ್ದು, ಮತ್ತೆ ಟೀಚರಮ್ಮನದ್ದು."

ಕಾರ್ಯದರ್ಶಿ ಪರದೆಯ ಕಡೆ ನೋಡಿದರು, ಡಬ್ಬದ ಕಡೆ ನೋಡಿದರು, ಮೇಜಿನ ಮೇಲೆ ಸಾಲಾಗಿ ಬಿದ್ದಿದ್ದ ಆರು ಕಾರ್ಡುಗಳ ಕಡೆ ನೋಡಿದರು. ಆಮೇಲೆ ದನಿ ತಗ್ಗಿಸಿ, "ಈಗ ಹೇಳಿದ್ರೆ ಏನು ಪ್ರಯೋಜನ? ಸಭೆಯ ನಡಾವಳಿ ಶುಕ್ರವಾರವೇ ಬರೆದು ಮುಗಿಸಿದ್ದೀನಿ. 'ಎಂಟು ಕ್ಯಾಮೆರಾಗಳು ಒಂದೇ ಕಂಪ್ಯೂಟರಿನಲ್ಲಿ ಯಾವ ಅಡಚಣೆಯೂ ಇಲ್ಲದೆ ಕಾರ್ಯನಿರ್ವಹಿಸಿದವು.' ಸಹಿನೂ ಆಗಿದೆ."

"ಶುಕ್ರವಾರವೇ?"

"ಆಮೇಲೆ ಬರೆದ್ರೆ ತಪ್ಪುಗಳಾಗ್ತವೆ ನೋಡಿ," ಅಂದು ಹೊರಟುಹೋದರು.

ಲಿಫ್ಟ್ ರಿಪೇರಿಯವರು ಮೂರನೇ ದಿನ ಬಂದರು. ಕೆಟ್ಟಿದ್ದು ಒಂದು ಬೆಲ್ಟು ಮತ್ತು ಒಂದು ಚಿಕ್ಕ ಚಕ್ರ. ಒಂದೇ ಮಧ್ಯಾಹ್ನದ ಕೆಲಸ. ಒಂಬತ್ತನೇ ದಿನ ನಾಲ್ವರೂ ಪದಾಧಿಕಾರಿಗಳು ಒಂದೇ ರಿಬ್ಬನ್ನನ್ನು ನಾಲ್ಕು ಕತ್ತರಿಯಲ್ಲಿ ಕತ್ತರಿಸಿದರು. ಅಧ್ಯಕ್ಷರು ಸಭೆಯ ಪ್ರಸಾರವನ್ನು ನೋಡಿದ್ದು ಅದಾದ ಮೇಲೆ. ಸ್ವಾಗತ ಭಾಷಣದ ನಂತರ ತಮ್ಮ ಮುಖ ಒಂದು ಕ್ಷಣಕ್ಕೂ ಇಲ್ಲ ಅಂತ ಗೊತ್ತಾದಾಗ ಮೊದಲು ಕೆಂಡವಾದರಂತೆ. ಆದರೆ ಅಷ್ಟರಲ್ಲಿ ಲಿಫ್ಟ್ ಓಡಿಸಿದ್ದಕ್ಕೆ ಊರೆಲ್ಲಾ ಅವರನ್ನು ಹೊಗಳಿಯಾಗಿತ್ತು. ಹಾಗಾಗಿ, 'ನಿವಾಸಿಯ ಧ್ವನಿಗೆ ಎಡೆಮಾಡಿಕೊಡಲು ನಾನು ಸ್ವಇಚ್ಛೆಯಿಂದ ಹಿಂದೆ ಸರಿದಿದ್ದೆ' ಅಂತ ಸೂಚನಾ ಫಲಕಕ್ಕೆ ಒಂದು ಹೇಳಿಕೆ ಅಂಟಿಸಿದರು. ಅದರ ಪಕ್ಕದಲ್ಲಿ ಮರುದಿನ ಉಪಾಧ್ಯಕ್ಷೆಯದೊಂದು ಹೇಳಿಕೆ ಬಂತು, ಮೊದಲು ಹಿಂದೆ ಸರಿದದ್ದು ತಾವು ಅಂತ.

ಟೀಚರಮ್ಮ ಕೆಳಗಿಳಿದು ಗೇಟಿನ ಆಚೆಯ ಅಂಗಡಿಗೆ ಹೋಗಿ, ಬೇಕಿಲ್ಲದಿದ್ದರೂ ಒಂದು ಡಜನ್ ಬಟ್ಟೆ ಕ್ಲಿಪ್ಪು ಕೊಂಡರು. ಮುಕ್ಕಾಲು ಗಂಟೆ ಅಂಗಡಿಯವನ ತಲೆ ತಿಂದರು. ಲೈವಕ್ಕ ಅವರ ಜೊತೆ ನಿಂತಿದ್ದಳು.

ಅಲ್ಲಿ ನಿಂತಿದ್ದಾಗಲೇ ಅವಳ ಫೋನು ಬಡಿದುಕೊಂಡಿತು. ಪಕ್ಕದ ಬಡಾವಣೆಯ ಸಂಘದ ಕಾರ್ಯದರ್ಶಿ. "ಮೇಡಂ, ನಿಮ್ಮ ನಡಾವಳಿ ಓದಿದ್ವಿ. ಒಂದೇ ಕಂಪ್ಯೂಟರಿನಲ್ಲಿ ಎಂಟಂತೆ! ನಮ್ಮಲ್ಲಿ ಪದಾಧಿಕಾರಿಗಳು ಹನ್ನೊಂದು ಜನ. ಹನ್ನೆರಡು ಮಾಡಿಕೊಡ್ತೀರಾ?"

"ಇಲ್ಲ ಸಾರ್. ಅದರಲ್ಲಿ ಸರಿಯಾಗಿ ಓಡೋದು ಎರಡೇ. ಆ ದಿನ ಓಡಿದ್ದೂ ಎರಡೇ."

"ನಿಮಗೆ ಬಿಡುವಿಲ್ಲದಿದ್ರೆ ನೇರವಾಗಿ ಹೇಳಿ ಮೇಡಂ. ಬರಹದಲ್ಲಿರೋದನ್ನ ಯಾಕೆ ಇಲ್ಲ ಅಂತೀರಿ?" ಅಂದು ಇಟ್ಟುಬಿಟ್ಟರು.

"ಯಾರಮ್ಮ ಅದು?" ಕೇಳಿದರು ಟೀಚರಮ್ಮ.

"ಕೆಲಸ ಇತ್ತು ಟೀಚರ್. ಹೋಯ್ತು."

"ಹೋಗಲಿ ಬಿಡು. ಆ ಮೂಲೆಯಲ್ಲಿ ಹೊಸ ಔಷಧಿ ಅಂಗಡಿ ಆಗಿದೆಯಂತಲ್ಲ, ಅದನ್ನ ತೋರಿಸು ನಡಿ," ಅಂದು ಟೀಚರಮ್ಮ ಊರುಗೋಲು ಎತ್ತಿಕೊಂಡರು. ಲೈವಕ್ಕ ಕ್ಲಿಪ್ಪಿನ ಪೊಟ್ಟಣ ತಾನು ತೆಗೆದುಕೊಂಡು, ಅವರ ನಡಿಗೆಗೆ ತಕ್ಕಂತೆ ನಿಧಾನವಾಗಿ ಹೆಜ್ಜೆ ಹಾಕಿದಳು.